ಐರಿಶ್ ಕತೆಗಳಲ್ಲಿ ಐರ್ಲೆಂಡ್ ಎಲ್ಲಿದೆ?

ಪ್ರಿಯ ಓದುಗರೆ,

ಈಚಿನ ಐರಿಶ್ ಸಣ್ಣಕತೆಗಳಲ್ಲಿ ಸ್ವಾತಂತ್ರ್ಯ ಹೋರಾಟದ ನೆನಪಿಲ್ಲ, ಪಾದ್ರಿ ಇಲ್ಲ, ಅವು ಯಾವ ದೇಶದ ಕತೆಗಳಾದರೂ ಆಗಬಹುದು ಎಂದು ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ.

ಹೋರಾಟದ ಕತೆಯಿಂದಲೇ ಶುರುಮಾಡೋಣ. ಕತೆಗಾರ ಫ್ರಾಂಕ್ ಓ'ಕಾನರ್ ಸ್ವತಃ ಆ ಹೋರಾಟದಲ್ಲಿದ್ದವರು. ಅವರ 1931ರ ‘ಗೆಸ್ಟ್ಸ್ ಆಫ್ ದ ನೇಷನ್’ ಕತೆಯಲ್ಲಿ ಬಂಡುಕೋರರು, ದಿನವೂ ತಮ್ಮೊಡನೆ ಇಸ್ಪೀಟಾಡುತ್ತಿದ್ದ ಇಬ್ಬರು ಇಂಗ್ಲಿಷ್ ಸೆರೆಯಾಳುಗಳನ್ನು ಮೇಲಿನವರ ಆಜ್ಞೆಯಂತೆ ಕೊಲ್ಲುತ್ತಾರೆ. ದೇಶದ ಹೆಸರಲ್ಲಿ ಮಾಡಿದ್ದು ಮನಸ್ಸನ್ನು ಸುಡುವುದು ಅಲ್ಲೇ ಆರಂಭವಾಗಿತ್ತು.

ಪಾದ್ರಿಯೂ ಎಲ್ಲಿಗೂ ಹೋಗಿಲ್ಲ. ಈಗಿನ ಕತೆಗಾರ್ತಿ ಕ್ಲೇರ್ ಕೀಗನ್ ಅವರ ‘ವಾಕ್ ದ ಬ್ಲೂ ಫೀಲ್ಡ್ಸ್’ ಕತೆಯಲ್ಲಿ ಪಾದ್ರಿಯೊಬ್ಬ ತಾನು ಪ್ರೀತಿಸಿದ ಹೆಣ್ಣಿನ ಮದುವೆಯನ್ನು ತಾನೇ ನೆರವೇರಿಸುತ್ತಾನೆ. ಹೋದದ್ದು ಅವನ ಅಧಿಕಾರ. ಅದು ಹೇಗೆ ಹೋಯಿತೆಂದು ನಮ್ಮವರಿಗೆ ಹೇಳಬೇಕಿಲ್ಲ. 2012ರಲ್ಲಿ ಐರ್ಲೆಂಡಿನ ಗಾಲ್ವೆಯ ಆಸ್ಪತ್ರೆಯಲ್ಲಿ, ಬೆಳಗಾವಿಯ ಸವಿತಾ ಹಾಲಪ್ಪನವರ ಗರ್ಭಪಾತಕ್ಕೆ ಬೇಡಿಕೊಂಡಾಗ ಅವರ ಕಿವಿಗೆ ಬಿದ್ದ ಮಾತು, ಇದು ಕ್ಯಾಥೊಲಿಕ್ ದೇಶ ಎಂಬುದು. ಸವಿತಾ ಬದುಕಲಿಲ್ಲ. 2018ರಲ್ಲಿ ಶೇ 66ರಷ್ಟು ಮತದಾರರು ಗರ್ಭಪಾತದ ಮೇಲೆ ಸಂವಿಧಾನದಲ್ಲಿದ್ದ ನಿರ್ಬಂಧವನ್ನು ಕಿತ್ತುಹಾಕಿದರು.

ಈಗಿನ ಕತೆಗಾರರನ್ನು ಕಾಡುತ್ತಿರುವುದು, ಐರಿಶ್ ಎನಿಸಿಕೊಳ್ಳಲು ಯಾರಿಗೆ ಅವಕಾಶ ಎಂಬ ಪ್ರಶ್ನೆ. 2004ರ ಜನಮತಗಣನೆಯಲ್ಲಿ ಶೇ 79ರಷ್ಟು ಮತದಾರರು, ಆ ನೆಲದಲ್ಲಿ ಹುಟ್ಟಿದ ಮಾತ್ರಕ್ಕೆ ಪೌರತ್ವ ಸಿಗುವ ಹಕ್ಕನ್ನು ತೆಗೆದುಹಾಕಲು ಒಪ್ಪಿದರು. ಆ ವರ್ಷಗಳಲ್ಲಿ ಐರಿಶ್ ಲೇಖಕ ರಾಡಿ ಡಾಯ್ಲ್, ನೈಜೀರಿಯಾ ಮೂಲದ ಇಬ್ಬರು ಪತ್ರಕರ್ತರು ಕಟ್ಟಿದ ‘ಮೆಟ್ರೊ ಏರನ್’ ಪತ್ರಿಕೆಗೆ ಕಂತುಗಳಲ್ಲಿ ಕತೆ ಬರೆಯುತ್ತಿದ್ದರು. ಒಂದು ಕತೆಯಲ್ಲಿ ಐರಿಶ್‌ತನವನ್ನು ಶೇಕಡಾ ಲೆಕ್ಕದಲ್ಲಿ ಅಳೆಯುವ ಪರೀಕ್ಷೆಯೇ ಇದೆ!

ಆದರೂ ಡಾಯ್ಲ್ ಒಳಗಿನವರು. ಕತೆಗಾರ್ತಿ ಮೆಲಾಟು ಉಚೆ ಒಕೊರಿ ನೈಜೀರಿಯಾದಲ್ಲಿ ಹುಟ್ಟಿದವರು. ಆಶ್ರಯ ಕೋರಿ ಬಂದು ಸರ್ಕಾರಿ ವಸತಿಯಲ್ಲಿ ವರ್ಷಗಟ್ಟಲೆ ಕಾದವರು. ಅಲ್ಲಿನ ವಯಸ್ಕರಿಗೆ ಬಹುಕಾಲ ವಾರಕ್ಕೆ ಸಿಗುತ್ತಿದ್ದುದು 19.10 ಯೂರೊ. ಒಕೊರಿ ಅವರ 2018ರ ‘ದಿಸ್ ಹಾಸ್ಟೆಲ್ ಲೈಫ್’ನಲ್ಲಿ ಬೇರೆ ಬೇರೆ ದೇಶದ ಹೆಂಗಸರು ದಿನಬಳಕೆಯ ಸಾಮಾನಿಗಾಗಿ ಸರತಿಯಲ್ಲಿ ನಿಂತು, ತಮ್ಮದೇ ಬೆರಕೆ ಇಂಗ್ಲಿಷಿನಲ್ಲಿ ಮಾತಾಡುತ್ತಾರೆ, ಜಗಳವಾಡುತ್ತಾರೆ. ಹಸಿರು ಬಯಲು, ಪಬ್ಬು, ಹಾಡು ಯಾವುದೂ ಇಲ್ಲ. ಆ ಸರತಿಯನ್ನು ನಿಲ್ಲಿಸಿದ್ದು ಮಾತ್ರ ಐರ್ಲೆಂಡ್. ಈ ಕತೆ ಬೇರಾವ ದೇಶದ್ದು ಎನ್ನುತ್ತೀರಿ? ನನ್ನ ಮಟ್ಟಿಗೆ ಈ ಶತಮಾನದ ಅತ್ಯಂತ ಐರಿಶ್ ಕತೆಗಳಲ್ಲಿ ಇದೊಂದು.

ದಯವಿಟ್ಟು ಇದನ್ನೂ ಓ'ಕಾನರ್ ಅವರ ಕತೆಯನ್ನೂ ಒಟ್ಟಿಗೆ ಓದಿ. ಓದಿದ ಮೇಲೂ ನಿಮ್ಮ ಆಕ್ಷೇಪ ಉಳಿದರೆ ವಿವರವಾಗಿ ಬರೆಯಿರಿ, ಪ್ರಕಟಿಸುತ್ತೇವೆ.

– ಸಂಪಾದಕ