ಕಾಸರಗೋಡಿನ ಮಳೆಗಾಲ: ಇನ್ವರ್ಟರ್‌ಗಿಂತ ಮೊದಲು ರಾಟೆ

ಬೆಂಗಳೂರು ಬಿಟ್ಟು ಬದಿಯಡ್ಕದ ಹತ್ತಿರ ತೋಟದ ಮನೆಗೆ ಬರುತ್ತಿದ್ದೀರಿ. ಮಳೆಗಾಲದಲ್ಲಿ ಎರಡು-ಮೂರು ದಿನ ಕರೆಂಟಿಲ್ಲದಿದ್ದರೂ ಸಾಕಾಗುವ ಇನ್ವರ್ಟರ್ ಯಾವುದು ಅಂತ ಕೇಳಿದ್ದೀರಿ. ನಾನು ಪೆರ್ಲದ ಕಡೆಯವನು. ಮೊದಲು ನಿಮ್ಮ ಬಾವಿಗೆ ರಾಟೆ, ಹಗ್ಗ ಇದೆಯಾ ನೋಡಿ.

ಕೆಲವು ವರ್ಷದ ಹಿಂದೆ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಗಾಳಿಗೆ ಅಡಿಕೆ ಮರ ಮುರಿದು ಲೈನಿನ ಮೇಲೆ ಬಿತ್ತು. ಮೂರು ದಿನ ಕರೆಂಟಿಲ್ಲ. ಮೊದಲ ರಾತ್ರಿ ಇನ್ವರ್ಟರ್ ಇದೆಯಲ್ಲ ಅಂತ ಫ್ಯಾನ್ ಹಾಕಿಕೊಂಡು ಆರಾಮವಾಗಿ ಮಲಗಿದೆವು. ಮರುದಿನ ಮಧ್ಯಾಹ್ನ ಟ್ಯಾಂಕ್ ಖಾಲಿ. ಬಾವಿಯಲ್ಲಿ ನೀರು ಬಗ್ಗಿದರೆ ಸಿಗುವಷ್ಟು ಮೇಲಿತ್ತು. ಆದರೆ ಪಂಪು ಬಂದ ಮೇಲೆ ರಾಟೆ ಯಾಕೆ ಅಂತ ನಾನೇ ಬಿಚ್ಚಿ ಗುಜರಿಗೆ ಕೊಟ್ಟಿದ್ದೆ! ಪಕ್ಕದ ಮನೆಯ ಅಜ್ಜಿ ಹಗ್ಗ, ಕೊಡಪಾನ ಕೊಟ್ಟರು, ಜೊತೆಗೆ ಎರಡು ಮಾತನ್ನೂ.

ಒಂದು ಎಚ್‌ಪಿ ಅಂದರೆ 746 ವ್ಯಾಟ್. ಪಂಪು ಶುರುವಾಗುವಾಗ ಅದರ ಹಲವು ಪಟ್ಟು ಎಳೆಯುತ್ತದೆ. ಮನೆಯ ಸಾಮಾನ್ಯ ಇನ್ವರ್ಟರ್‌ಗೆ ಅದು ಆಗದ ಕೆಲಸ. ಹಾಗಾಗಿ ಮೋಡ ಕಟ್ಟಿದ ತಕ್ಷಣ ಟ್ಯಾಂಕ್, ಬಚ್ಚಲ ಹಂಡೆ ಎಲ್ಲ ತುಂಬಿಸಿ. ನಿಮ್ಮದು ಬಾವಿಯಲ್ಲ, ಬೋರ್‌ವೆಲ್ ಆದರೆ ರಾಟೆಯ ಮಾತೇ ಇಲ್ಲ, ಜನರೇಟರ್ ಬೇಕಾಗುತ್ತದೆ. ಅದನ್ನು ಅಂಗಳದಲ್ಲೇ ಇಡಿ, ಹೊಗೆ ಒಳಗೆ ತುಂಬಿದರೆ ಜೀವಕ್ಕೇ ಅಪಾಯ. ಚೇಂಜ್‌ಓವರ್ ಸ್ವಿಚ್ (ಹೊರಗಿನ ಲೈನು, ಜನರೇಟರ್ ಎರಡರಲ್ಲಿ ಒಂದನ್ನು ಮಾತ್ರ ಮನೆಗೆ ಜೋಡಿಸುವ ಸ್ವಿಚ್) ಇಲ್ಲದೆ ಮನೆಯ ವೈರಿಂಗಿಗೆ ಕೊಡಲೇಬೇಡಿ. ಕರೆಂಟು ಹಿಂದಕ್ಕೆ ಹರಿದು ಕಂಬದ ಮೇಲಿರುವ ಲೈನ್‌ಮ್ಯಾನ್‌ಗೆ ಹೊಡೆಯುತ್ತದೆ.

ಈಗ ಇನ್ವರ್ಟರ್. 12 ವೋಲ್ಟಿನ 150 ಎಎಚ್ (ಆಂಪಿಯರ್-ಅವರ್) ಬ್ಯಾಟರಿಯಲ್ಲಿ ಲೆಕ್ಕಕ್ಕೆ 1,800 ವ್ಯಾಟ್-ಅವರ್. ಕೈಗೆ ಸಿಗುವುದು ಸುಮಾರು 1,200 ಅಂದುಕೊಳ್ಳಿ. 75 ವ್ಯಾಟಿನ ಎರಡು ಹಳೆ ಫ್ಯಾನ್, ನಾಲ್ಕು ಎಲ್‌ಇಡಿ ಬಲ್ಬು, ವೈಫೈ ಹಾಕಿದರೆ ಆರು ಗಂಟೆ. ಫ್ಯಾನ್ ಬದಲಿಸಿ ಕಡಿಮೆ ಕರೆಂಟು ಎಳೆಯುವ 30 ವ್ಯಾಟಿನ ಬಿಎಲ್‌ಡಿಸಿ ಹಾಕಿದರೆ ಹತ್ತಿರ ಹತ್ತಿರ ಹನ್ನೊಂದು. ದೊಡ್ಡ ಬ್ಯಾಟರಿಗೆ ಸುರಿಯುವ ದುಡ್ಡನ್ನು ಫ್ಯಾನಿಗೆ ಹಾಕಿ ಅಂತ ನಾನು ಹೇಳುವುದು ಇದಕ್ಕೇ. ಒಮ್ಮೆ ಇಳಿದ ಬ್ಯಾಟರಿ ತುಂಬಲು ಹತ್ತು-ಹನ್ನೆರಡು ಗಂಟೆ ಬೇಕು. ನಡುವೆ ಒಂದು ಗಂಟೆ ಕರೆಂಟು ಬಂದು ಹೋದರೆ ಹೆಚ್ಚು ಉಪಯೋಗವಿಲ್ಲ. ಮೇ ತಿಂಗಳಲ್ಲೇ ಬ್ಯಾಟರಿಯಲ್ಲಿ ಡಿಸ್ಟಿಲ್ಡ್ ವಾಟರ್ ಸಾಕಷ್ಟಿದೆಯಾ ನೋಡಿಬಿಡಿ.

ಸಿಡಿಲು ಬಂದಾಗ ಟಿವಿ, ಮೋಡೆಮ್ ಪ್ಲಗ್ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು. ಸಿಡಿಲು ತುಲಾಮಳೆಯ (ಅಕ್ಟೋಬರ್-ನವೆಂಬರ್ ಮಳೆಯ) ಸಂಜೆಗಳಲ್ಲೇ ಜಾಸ್ತಿ. ತೋಟದಲ್ಲಿ ತಂತಿ ಬಿದ್ದಿದ್ದರೆ ಹತ್ತಿರ ಹೋಗಬೇಡಿ, ದನವನ್ನೂ ಬಿಡಬೇಡಿ. ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿಯ 1912ಕ್ಕೆ ಫೋನ್ ಮಾಡಿ. ಬಿಲ್ಲಿನಲ್ಲಿರುವ ಕನ್ಸ್ಯೂಮರ್ ನಂಬರನ್ನು ಗೋಡೆಯ ಮೇಲೆ ಬರೆದಿಡಿ, ಆ ಹೊತ್ತಿಗೆ ಮೊಬೈಲಿನಲ್ಲಿ ಹುಡುಕುತ್ತಾ ಕೂರಲು ಆಗುವುದಿಲ್ಲ.

ಹಾಂ, ಕಡೆಯುವ ಕಲ್ಲು (ರುಬ್ಬುವ ಕಲ್ಲು) ಹಿತ್ತಿಲಲ್ಲಿ ಹೂವಿನ ಕುಂಡ ಹೊತ್ತುಕೊಂಡು ಕೂತಿದ್ದರೆ ಒಳಗೆ ತಂದು ತೊಳೆದಿಡಿ. ಮೂರನೇ ದಿನ ಮಕ್ಕಳು ದೋಸೆ ಕೇಳುತ್ತಾರೆ.