ತೊಂಬತ್ತು ಪಾಯಿಂಟ್ ಗಳಿಸಿದ ಹುಡುಗ ಪಟ್ಟಿಯಲ್ಲಿ ಕೆಳಗಿಳಿದದ್ದೇಕೆ?

ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ ಡ್ರಾಫ್ಟ್, ಅಂದರೆ ತಂಡಗಳು ಎಳೆಯ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ವಾರ್ಷಿಕ ಆಯ್ಕೆ, ಹತ್ತಿರ ಬಂತೆಂದರೆ ಅದೇ ನಾಲ್ಕೈದು ಪ್ರಶ್ನೆಗಳು ಬೇರೆ ಬೇರೆ ಹೆಸರಿನಲ್ಲಿ ನನ್ನ ಮುಂದೆ ಬಂದು ಬೀಳುತ್ತವೆ. ಹೋದ ವರ್ಷ ಉತ್ತರಿಸಿದ್ದೆ, ಅದರ ಹಿಂದಿನ ವರ್ಷವೂ ಉತ್ತರಿಸಿದ್ದೆ. ಈ ಸಲ ಒಂದೇ ಒಂದು ಪ್ರಶ್ನೆಯನ್ನು ಬಿಡಿಸಿ ಬರೆಯುತ್ತೇನೆ. ಉಳಿದವುಗಳಿಗೆ ಎರಡು ಮಾತು ಸಾಕು.

ಪ್ರಶ್ನೆ: ಎನ್‌ಎಚ್‌ಎಲ್‌ನ ಸೆಂಟ್ರಲ್ ಸ್ಕೌಟಿಂಗ್ ವಿಭಾಗದ ಶ್ರೇಯಾಂಕ ಪಟ್ಟಿಯಲ್ಲಿ 25ನೇ ಸ್ಥಾನದಲ್ಲಿರುವ ಫಾರ್ವರ್ಡ್ (ದಾಳಿ ಆಟಗಾರ) ಮೊದಲ ಸುತ್ತಿನಲ್ಲೇ ಹೋಗಬೇಕಲ್ಲವೇ? ಸುತ್ತಿಗೊಬ್ಬರಂತೆ ಆರಿಸುವ ತಂಡಗಳು 32 ಇವೆಯಲ್ಲ?

ಉತ್ತರ: ಹಾಗೇನಿಲ್ಲ. ಅದು ಒಂದೇ ಪಟ್ಟಿಯಲ್ಲ. ಉತ್ತರ ಅಮೆರಿಕದ ಸ್ಕೇಟರ್‌ಗಳದ್ದು ಬೇರೆ, ಯುರೋಪಿನವರದ್ದು ಬೇರೆ, ಗೋಲ್‌ಕೀಪರ್‌ಗಳದ್ದು ಮತ್ತೂ ಬೇರೆ. ಎಲ್ಲವನ್ನೂ ಸೇರಿಸಿದಾಗ ಆ 25 ಎಲ್ಲಿಗೆ ಜಾರುತ್ತದೆ ಎಂದು ನೀವೇ ಎಣಿಸಿ ನೋಡಿ.

ಪ್ರಶ್ನೆ: ಕೆನಡಾದ ಜೂನಿಯರ್ ಲೀಗಿನಲ್ಲಿ ಒಬ್ಬ ವಿಂಗರ್ (ಅಂಚಿನಲ್ಲಿ ಆಡುವ ಫಾರ್ವರ್ಡ್) ಒಂದೇ ಋತುವಿನಲ್ಲಿ 90 ಪಾಯಿಂಟ್ ಗಳಿಸಿದ್ದಾನೆ. ಅದೇ ಲೀಗಿನಲ್ಲಿ 60 ಗಳಿಸಿದ ಇನ್ನೊಬ್ಬನನ್ನು ಸ್ಕೌಟ್‌ಗಳು, ಅಂದರೆ ತಂಡಗಳಿಗಾಗಿ ಪ್ರತಿಭೆ ಹುಡುಕುವವರು, ಅವನಿಗಿಂತ ಮೇಲಿಡುತ್ತಾರೆ. ಇಬ್ಬರೂ ಇದೇ ವರ್ಷದ ಡ್ರಾಫ್ಟಿನವರು. ಇದು ಪಕ್ಷಪಾತವಲ್ಲದೆ ಇನ್ನೇನು?

ಉತ್ತರ: ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಕೇಳುವವರ ಕೈಯಲ್ಲಿ ಪ್ರತಿ ಸಲವೂ ಇರುವುದು ಒಂದೇ ಒಂದು ಅಂಕಿ. ಆ 90 ಹೇಗೆ ಬಂತು ಎಂದು ಬಿಡಿಸಿ ನೋಡಿದವರು ಬಹಳ ಕಡಿಮೆ.

ಗೋಲು ಹೊಡೆದರೆ ಒಂದು ಪಾಯಿಂಟ್, ಗೋಲಿಗೆ ನೆರವಾದರೆ, ಅಂದರೆ ಅಸಿಸ್ಟ್‌ಗೆ, ಇನ್ನೊಂದು. ಒಂದು ಗೋಲಿಗೆ ಇಬ್ಬರವರೆಗೆ ಅಸಿಸ್ಟ್ ಸಿಗುತ್ತದೆ. ಮೊದಲ ಅಸಿಸ್ಟ್ ಎಂದರೆ ಗೋಲು ಹೊಡೆದವನಿಗೆ ಪಕ್ (ಆಡುವ ರಬ್ಬರ್ ಬಿಲ್ಲೆ) ಕೊಟ್ಟವನದು. ಎರಡನೆಯದು ಅದಕ್ಕೂ ಹಿಂದೆ ಪಕ್ ದಾಟಿಸಿದವನದು. ಅದು ಕೆಲವೊಮ್ಮೆ ಅದ್ಭುತ ಪಾಸ್ ಆಗಿರಬಹುದು, ಕೆಲವೊಮ್ಮೆ ನಡುಗೆರೆಯ ಬಳಿ ಸುಮ್ಮನೆ ತಳ್ಳಿದ್ದೂ ಆಗಿರಬಹುದು. ಅಂಕಪಟ್ಟಿ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಆಮೇಲೆ ಪವರ್ ಪ್ಲೇ, ಅಂದರೆ ಎದುರಾಳಿ ಆಟಗಾರನೊಬ್ಬ ಶಿಕ್ಷೆಯಾಗಿ ಹೊರಗೆ ಕುಳಿತಿರುವ ಹೊತ್ತು. ಎದುರಾಳಿಗಳು ನಾಲ್ಕೇ ಜನ ಇದ್ದಾಗ ಗಳಿಸಿದ ಪಾಯಿಂಟ್‌ಗಳನ್ನು ಪಕ್ಕಕ್ಕಿಡಿ, ಐವರ ವಿರುದ್ಧ ಐವರು ಆಡುವಾಗ ಗಳಿಸಿದ ಗೋಲು ಮತ್ತು ಮೊದಲ ಅಸಿಸ್ಟ್‌ಗಳನ್ನು ಮಾತ್ರ ಎಣಿಸಿ. 90 ಗಳಿಸಿದವನು 30ಕ್ಕೆ ಇಳಿದು, 60 ಗಳಿಸಿದವನು 35ರಲ್ಲಿ ನಿಂತರೆ ನನಗೆ ಆಶ್ಚರ್ಯವೇನೂ ಆಗುವುದಿಲ್ಲ.

ಇನ್ನು ವಯಸ್ಸು. ಸೆಪ್ಟೆಂಬರ್ 15ರೊಳಗೆ 18 ತುಂಬಿದವರು ಆ ವರ್ಷದ ಡ್ರಾಫ್ಟಿಗೆ ಬರುತ್ತಾರೆ. 16ರಂದು ಹುಟ್ಟಿದವನು ಮುಂದಿನ ವರ್ಷಕ್ಕೆ ಕಾಯಬೇಕು. ಎನ್‌ಎಚ್‌ಎಲ್ ತಾರೆ ಆಸ್ಟನ್ ಮ್ಯಾಥ್ಯೂಸ್ ಹುಟ್ಟಿದ್ದು 1997ರ ಸೆಪ್ಟೆಂಬರ್ 17ರಂದು. ಎರಡೇ ದಿನಗಳ ಅಂತರದಲ್ಲಿ 2015ರ ಡ್ರಾಫ್ಟ್ ತಪ್ಪಿತು. ಕಾಯುವ ವರ್ಷವನ್ನು ಆತ ಜೂರಿಕ್‌ನಲ್ಲಿ ವಯಸ್ಕರ ಜೊತೆ ಆಡುತ್ತ ಕಳೆದ, 2016ರಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾದ. ಅದೇ ಡ್ರಾಫ್ಟಿನಲ್ಲಿ 1998ರ ಸೆಪ್ಟೆಂಬರ್‌ನಲ್ಲಿ ಹುಟ್ಟಿದ ಹುಡುಗನೂ ಇರಬಹುದಿತ್ತು. ಹದಿಹರೆಯದಲ್ಲಿ ಒಂದು ವರ್ಷವೆಂದರೆ ಕಾಲಿನ ಬಲ, ಭುಜದ ಅಗಲ, ಹೊಡೆತದ ವೇಗ ಎಲ್ಲವೂ ಬದಲಾಗುವಷ್ಟು ಕಾಲ. ನಿಮ್ಮ 90ರ ವಿಂಗರ್ ಅಕ್ಟೋಬರ್‌ನಲ್ಲಿ ಹುಟ್ಟಿದ್ದು, 60ರವನು ಮುಂದಿನ ಆಗಸ್ಟ್‌ನಲ್ಲಿ ಹುಟ್ಟಿದ್ದರೆ ಇಬ್ಬರನ್ನೂ ಪಕ್ಕಪಕ್ಕ ನಿಲ್ಲಿಸಿ ಅಂಕಿ ಹೋಲಿಸುವುದೇ ತಪ್ಪು. ಹುಟ್ಟಿದ ದಿನಾಂಕ ನೋಡದೆ ವಾದಕ್ಕೆ ಇಳಿಯುವವರ ಜೊತೆ ನಾನು ಮಾತು ಮುಂದುವರಿಸುವುದಿಲ್ಲ.

ಮೂರನೆಯದು ಜೊತೆಗಾರರು. ಇಲ್ಲಿ ಸ್ಕೌಟ್‌ಗಳೂ ಎಡವುತ್ತಾರೆ, ಅದನ್ನು ಒಪ್ಪಿಕೊಳ್ಳಲೇಬೇಕು. ಅಲೆಕ್ಸ್ ಡೆಬ್ರಿಂಕ್ಯಾಟ್ ಈರಿ ಆಟರ್ಸ್ ಎಂಬ ಜೂನಿಯರ್ ತಂಡದಲ್ಲಿ ಮೊದಲ ಋತುವಿನಲ್ಲೇ 51 ಗೋಲು ಹೊಡೆದಾಗ ಆ ತಂಡದಲ್ಲಿ ಮುಂದೆ ಎನ್‌ಎಚ್‌ಎಲ್ ತಾರೆಯಾದ ಕಾನರ್ ಮೆಕ್‌ಡೇವಿಡ್ ಇದ್ದ. ಹಾಗಾಗಿ ಆ ಗೋಲುಗಳನ್ನು ಅನುಮಾನದಿಂದ ನೋಡುವುದು ಸಹಜವೇ. 2015ರಲ್ಲಿ ಮೆಕ್‌ಡೇವಿಡ್ ಎನ್‌ಎಚ್‌ಎಲ್‌ಗೆ ಹೋದ ಮೇಲೆ ಡೆಬ್ರಿಂಕ್ಯಾಟ್ ಮತ್ತೆ 51 ಹೊಡೆದ. ಆಗಲೂ ಪಕ್ಕದಲ್ಲಿ ಒಳ್ಳೆಯ ಆಟಗಾರರಿದ್ದರು, ನಿಜ. ಆದರೆ ಮುಖ್ಯ ಜೊತೆಗಾರ ಹೋದ ಮೇಲೂ ಅಂಕಿ ಕುಸಿಯಲಿಲ್ಲವೆಂದರೆ ಅದು ಪರೀಕ್ಷೆ ಪಾಸಾದಂತೆಯೇ. ಹೀಗಿದ್ದೂ 2016ರಲ್ಲಿ ಅವನು ಹೋದದ್ದು 39ನೆಯವನಾಗಿ. ಶಿಕಾಗೊ ಪರ 2018-19ರಲ್ಲಿ 41 ಗೋಲು ಹೊಡೆದ. ಡ್ರಾಫ್ಟಿನಲ್ಲಿ ಅವನನ್ನು ಆರಿಸದೆ ಬಿಟ್ಟವರು ಹೆದರಿದ್ದು ಅವನ ಕುಳ್ಳತನಕ್ಕೆ.

ಇಷ್ಟೂ ಕಾಗದದ ಕೆಲಸ. ರಿಂಕಿಗೆ (ಐಸ್ ಅಂಕಣಕ್ಕೆ) ಹೋದಾಗ ನಾನು ಗಾಜಿನ ಪಕ್ಕದಲ್ಲಿ ಕೂರುವುದಿಲ್ಲ. ಮೇಲಿನ ಮೂಲೆಯಿಂದ ಐಸ್ ಪೂರ್ತಿ ಕಾಣುತ್ತದೆ. ಒಬ್ಬನನ್ನು ನೋಡಲು ಹೋದರೆ ಅವನನ್ನು ಮಾತ್ರ ನೋಡುತ್ತೇನೆ, ಪಕ್ ಎಲ್ಲಿಗೆ ಹೋದರೂ ಸರಿ. ಇಪ್ಪತ್ತು ನಿಮಿಷ ಐಸ್ ಮೇಲಿರುವ ಫಾರ್ವರ್ಡ್‌ನ ಸ್ಟಿಕ್ಕಿನಲ್ಲಿ ಪಕ್ ಇರುವುದು ಒಂದೆರಡು ನಿಮಿಷ, ಹೆಚ್ಚೆಂದರೆ. ಉಳಿದ ಹೊತ್ತು ಅವನು ಏನು ಮಾಡುತ್ತಾನೆ ಎಂಬುದು ಯಾವ ವಿಡಿಯೊ ತುಣುಕಿನಲ್ಲೂ ಸಿಗುವುದಿಲ್ಲ.

ಮೂಲೆಗೆ ಬಿದ್ದ ಪಕ್ ಕಡೆಗೆ ಹೋಗುವಾಗ ಅದನ್ನು ಮುಟ್ಟುವ ಮುಂಚೆಯೇ ಭುಜದಾಚೆ ತಿರುಗಿ ನೋಡುತ್ತಾನೆಯೇ? ನೋಡುವವನಿಗೆ ಒತ್ತಡ ಎತ್ತಲಿಂದ ಬರುತ್ತಿದೆ, ಪಾಸ್ ಎತ್ತ ಹೋಗಬೇಕು ಎಂಬುದು ಮೊದಲೇ ಗೊತ್ತಿರುತ್ತದೆ. ನೋಡದವನು ಬೋರ್ಡಿಗೆ, ಅಂದರೆ ಅಂಕಣದ ಸುತ್ತಲಿನ ಗೋಡೆಗೆ, ಅಂಟಿಕೊಂಡು ಒದ್ದಾಡುತ್ತಾನೆ. ಗೋಲಿನ ಮುಂದಿನ ಜಾಗಕ್ಕೆ, ಅಂದರೆ ಸ್ಲಾಟ್‌ಗೆ, ಪೆಟ್ಟು ಬೀಳುತ್ತದೆಂದು ಗೊತ್ತಿದ್ದೂ ನುಗ್ಗುತ್ತಾನೆಯೇ, ಇಲ್ಲ ಹೊರಗಿನಿಂದಲೇ ಸುತ್ತು ಹಾಕುತ್ತಾನೆಯೇ? ಜೂನಿಯರ್‌ನಲ್ಲಿ ಹೊರಗಿನಿಂದ ಸುತ್ತಿಯೂ ಪಾಯಿಂಟ್ ಗಳಿಸಬಹುದು, ಯಾಕೆಂದರೆ ಅಲ್ಲಿನ ಡಿಫೆನ್ಸ್ ಆಟಗಾರರು ಜಾಗ ಬಿಟ್ಟುಕೊಡುತ್ತಾರೆ. ಮೇಲಿನ ಹಂತದಲ್ಲಿ ಆ ಜಾಗ ಇರುವುದಿಲ್ಲ. ನಿಮ್ಮ 90ರ ಹುಡುಗ ಕೆಳಗಿಳಿಯುವುದಕ್ಕೆ ಬಹುಮಟ್ಟಿಗೆ ಕಾರಣ ಇದೇ. ಪಕ್ ಕಳೆದುಕೊಂಡ ಮೇಲಿನ ಎರಡು ಕ್ಷಣವನ್ನೂ ಗಮನಿಸಿ: ತಲೆಯೆತ್ತಿ ರೆಫರಿಯನ್ನು ನೋಡುತ್ತಾನೋ, ತಿರುಗಿ ಹಿಂದಕ್ಕೆ ಧಾವಿಸುತ್ತಾನೋ?

ಸ್ಕೇಟಿಂಗ್ ಬಗ್ಗೆ ಒಂದು ಎಚ್ಚರಿಕೆ. ಓಟ ಚಂದವಿಲ್ಲ ಎಂದು ಹುಡುಗನ ಹೆಸರು ಹೊಡೆದುಹಾಕುವವರು ಮಾರ್ಕ್ ಸ್ಟೋನ್‌ನನ್ನು ನೆನೆಯಲಿ. 2010ರಲ್ಲಿ ಆರನೇ ಸುತ್ತು, 178ನೇ ಆಯ್ಕೆ. ಅವನ ಸ್ಕೇಟಿಂಗ್ ಬಗ್ಗೆ ಯಾರಿಗೂ ನಂಬಿಕೆಯಿರಲಿಲ್ಲ. ಎದುರಾಳಿಯ ಪಾಸ್ ಎಲ್ಲಿಗೆ ಬರುತ್ತದೆಂದು ಮೊದಲೇ ಊಹಿಸಿ ಸ್ಟಿಕ್ ಇಡುವ ಬುದ್ಧಿ ಅವನಲ್ಲಿತ್ತು. 2023ರಲ್ಲಿ ವೇಗಸ್ ತಂಡದ ನಾಯಕನಾಗಿ ಎನ್‌ಎಚ್‌ಎಲ್ ಚಾಂಪಿಯನ್ನರಿಗೆ ಸಿಗುವ ಸ್ಟ್ಯಾನ್ಲಿ ಕಪ್ ಎತ್ತಿದ. ಮೊದಲ ಮೂರು ಹೆಜ್ಜೆಯ ವೇಗವನ್ನು ತರಬೇತಿಯಿಂದ ಸ್ವಲ್ಪ ಸುಧಾರಿಸಬಹುದು. ಆಟ ಓದುವ ಬುದ್ಧಿಯನ್ನು 18ರ ನಂತರ ಕಲಿಸಿದ್ದನ್ನು ನಾನು ಕಂಡಿಲ್ಲ.

ಎಷ್ಟು ಪಂದ್ಯ ನೋಡಬೇಕು? ಹಿಂದೊಮ್ಮೆ ಒಬ್ಬ ಹುಡುಗನನ್ನು ಒಂದೇ ಪಂದ್ಯ ನೋಡಿ ‘ಬೇಡ’ ಎಂದು ಬರೆದುಬಿಟ್ಟೆ. ಅದು ಮೂರು ದಿನಗಳಲ್ಲಿ ಅವನ ಮೂರನೇ ಪಂದ್ಯ, ರಾತ್ರಿಯಿಡೀ ಬಸ್ಸಿನಲ್ಲಿ ಬಂದಿದ್ದ, ಮಣಿಕಟ್ಟಿಗೆ ಪೆಟ್ಟಾಗಿತ್ತು. ಇದು ನನಗೆ ತಿಳಿಯುವ ಹೊತ್ತಿಗೆ ತಡವಾಗಿತ್ತು, ಅವನನ್ನು ಬೇರೆಯವರು ಆರಿಸಿಕೊಂಡಿದ್ದರು. ಅಂದಿನಿಂದ ಕನಿಷ್ಠ ನಾಲ್ಕು ಪಂದ್ಯ ನೋಡದೆ ಒಂದಕ್ಷರ ಬರೆಯುವುದಿಲ್ಲ. ಅದರಲ್ಲಿ ಒಂದು ಹೊರ ಊರಿನಲ್ಲಿ ಆಡಿದ್ದಾಗಿರಬೇಕು, ಇನ್ನೊಂದು ಅವನ ತಂಡ ಹೀನಾಯವಾಗಿ ಸೋಲುತ್ತಿರುವಂಥದ್ದು. ನನ್ನ ಈ ನಿಧಾನ ಕೆಲವರಿಗೆ ಹಿಡಿಸುವುದಿಲ್ಲ. ನಾನು ಬದಲಾಯಿಸಿಕೊಳ್ಳುವುದಿಲ್ಲ.

ಪ್ರಶ್ನೆ: ಕಂಬೈನ್‌ನಲ್ಲಿ (ಡ್ರಾಫ್ಟಿಗೆ ಮುಂಚಿನ ದೈಹಿಕ ಪರೀಕ್ಷೆಯಲ್ಲಿ) ಪುಲ್-ಅಪ್ ಮಾಡಲಾಗದಿದ್ದರೆ ಹುಡುಗನ ಕಥೆ ಮುಗಿಯಿತೇ?

ಉತ್ತರ: 2014ರಲ್ಲಿ ಸ್ಯಾಮ್ ಬೆನೆಟ್‌ಗೆ ಒಂದೂ ಪುಲ್-ಅಪ್ ಆಗಲಿಲ್ಲ. ಆದರೂ ನಾಲ್ಕನೆಯವನಾಗಿ ಆಯ್ಕೆಯಾದ. 2025ರ ಪ್ಲೇಆಫ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಕಾನ್ ಸ್ಮೈತ್ ಟ್ರೋಫಿ ಅವನ ಕೈಯಲ್ಲಿದೆ. ಈ ಪ್ರಶ್ನೆಯನ್ನು ದಯವಿಟ್ಟು ಇನ್ನು ಕಳಿಸಬೇಡಿ.

ಪ್ರಶ್ನೆ: ಐದು ಅಡಿ ಹತ್ತು ಇಂಚಿನ ಫಾರ್ವರ್ಡ್‌ಗೆ ಭವಿಷ್ಯವಿದೆಯೇ?

ಉತ್ತರ: ಬ್ರೇಡನ್ ಪಾಯಿಂಟ್ ಎಂಬ ಫಾರ್ವರ್ಡ್‌ನನ್ನು ನೋಡಿ: 2014ರ ಡ್ರಾಫ್ಟ್, 79ನೇ ಆಯ್ಕೆ, ಎರಡು ಸ್ಟ್ಯಾನ್ಲಿ ಕಪ್.

ಪ್ರಶ್ನೆ: ಹಣ ಕೊಟ್ಟರೆ ಮಗನ ಹೆಸರು ಡ್ರಾಫ್ಟಿನಲ್ಲಿ ಬರುವಂತೆ ಮಾಡುತ್ತೇನೆ ಎಂದು ಸಲಹೆಗಾರರೊಬ್ಬರು ಹೇಳುತ್ತಿದ್ದಾರೆ. ನಂಬಬಹುದೇ?

ಉತ್ತರ: ನಂಬಬೇಡಿ, ಒಂದು ಕಾಸೂ ಕೊಡಬೇಡಿ. ಏಳು ಸುತ್ತು, ಸುಮಾರು 224 ಹೆಸರು. ಒಂದೊಂದು ಹೆಸರಿನ ಹಿಂದೆಯೂ ಆ ತಂಡದ ಸ್ವಂತ ಸ್ಕೌಟ್‌ಗಳು ಚಳಿಗಾಲವಿಡೀ ಅಲೆದು ಬರೆದ ವರದಿಗಳಿರುತ್ತವೆ. ಹೊರಗಿನವನೊಬ್ಬ ಅದರೊಳಗೆ ಹೆಸರು ತೂರಿಸಲಾರ. ಇಂಥವರು ಮಾರುವುದು ಅಪ್ಪ-ಅಮ್ಮನ ಭಯವನ್ನು. ಚಂದದ ಗೋಲುಗಳನ್ನು ಜೋಡಿಸಿದ ಮೂರು ನಿಮಿಷದ ವಿಡಿಯೊ ಮಾಡಿಸಿ ಅದಕ್ಕೂ ದುಡ್ಡು ಕೀಳುತ್ತಾರೆ. ನಾನು ಆ ವಿಡಿಯೊಗಳನ್ನು ತೆರೆಯುವುದೇ ಇಲ್ಲ. ಏಜೆಂಟ್ ಬೇಕೇ ಬೇಕು ಎಂದಾದರೆ ಎನ್‌ಎಚ್‌ಎಲ್ ಆಟಗಾರರ ಸಂಘ ಮಾನ್ಯತೆ ಕೊಟ್ಟವರಲ್ಲೇ ಹುಡುಕಿ.

ಪ್ರಶ್ನೆ: ಕೆನಡಾದ ಮೇಜರ್ ಜೂನಿಯರ್‌ಗೆ (ಅಲ್ಲಿನ ಉನ್ನತ ಜೂನಿಯರ್ ಲೀಗುಗಳಿಗೆ) ಸೇರಿದರೆ ಅಮೆರಿಕದ ಕಾಲೇಜು ಹಾಕಿಯ ಬಾಗಿಲು ಮುಚ್ಚುತ್ತದಂತಲ್ಲ?

ಉತ್ತರ: ಹಳೆಯ ಮಾತು. 2025ರ ಆಗಸ್ಟ್ 1ರಿಂದ ನಿಯಮ ಬದಲಾಗಿದೆ. ಆ ಲೀಗುಗಳಲ್ಲಿ ಆಡಿದವರೂ ಈಗ ಕಾಲೇಜಿಗೆ ಆಡಬಹುದು.