ಐವತ್ತು ದಾಟಿದ ಮೇಲೆ ಹೊಸ ಕೆಲಸ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನನಗೆ 52 ವರ್ಷ. ಖಾಸಗಿ ಬ್ಯಾಂಕೊಂದರಲ್ಲಿ 24 ವರ್ಷಗಳಿಂದ ದುಡಿಯುತ್ತಿದ್ದೇನೆ. ಠೇವಣಿ, ವಿಮೆ, ಕ್ರೆಡಿಟ್ ಕಾರ್ಡ್ ಎಂದು ತಿಂಗಳು ತಿಂಗಳಿಗೂ ಗುರಿ ಏರುತ್ತಲೇ ಇದೆ. ಭಾನುವಾರ ಸಂಜೆಯಾದರೆ ಎದೆ ಡವಗುಟ್ಟುತ್ತದೆ, ರಾತ್ರಿ ನಿದ್ದೆ ಹತ್ತುವುದಿಲ್ಲ, ಎರಡು ವರ್ಷದಿಂದ ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ರಾಜೀನಾಮೆ ಕೊಟ್ಟು, ಗೆಳತಿಯೊಬ್ಬರ ಪಾಲುದಾರಿಕೆಯಲ್ಲಿ ಮಲ್ಲೇಶ್ವರದಲ್ಲಿ ಕಾಂಡಿಮೆಂಟ್ಸ್ ಅಂಗಡಿ ತೆರೆಯಬೇಕೆಂದಿದ್ದೇನೆ. ನಾನು ಮಾಡುವ ಚಕ್ಕುಲಿ, ಕೋಡುಬಳೆ, ಚಟ್ನಿಪುಡಿಯನ್ನು ತಿಂದವರೆಲ್ಲ ಮೆಚ್ಚುತ್ತಾರೆ. ಮಗ ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾನೆ. ಯಜಮಾನರ ನಿವೃತ್ತಿಗೆ ಇನ್ನು ಮೂರು ವರ್ಷವಿದೆ. ಬ್ಯಾಂಕಿನಿಂದಲೇ ಪಡೆದ ಗೃಹಸಾಲ ಬಾಕಿಯಿದೆ. ಮನೆಯವರು ‘ಇನ್ನಾರು ವರ್ಷ ತಾಳಿಕೋ’ ಎನ್ನುತ್ತಾರೆ. ಏನು ಮಾಡಲಿ?
– ಹೆಸರು ಬೇಡ, ಮಲ್ಲೇಶ್ವರ, ಬೆಂಗಳೂರು

ಉತ್ತರ: ನಿಮ್ಮ ಪತ್ರದಲ್ಲಿ ಎರಡು ತೀರ್ಮಾನಗಳು ಒಂದರೊಳಗೊಂದು ಸೇರಿಕೊಂಡಿವೆ. ಬ್ಯಾಂಕನ್ನು ಬಿಡುವುದು ಒಂದು, ಅಂಗಡಿಯನ್ನು ತೆರೆಯುವುದು ಇನ್ನೊಂದು. ಮೊದಲನೆಯದರ ಬಗ್ಗೆ ನಿಮ್ಮ ಪರವಾಗಿಯೇ ಹೇಳುತ್ತೇನೆ: ಆರು ವರ್ಷ ಹೀಗೆಯೇ ತಾಳಿಕೊಳ್ಳುವುದು ಸರಿಯಲ್ಲ. ಎರಡನೆಯದನ್ನು ಮಾತ್ರ ಈಗಿನ ದಣಿವಿನಲ್ಲಿ ತೀರ್ಮಾನಿಸಬೇಡಿ. ಗುರಿಯ ಕಾಟದಿಂದ ಬೇಸತ್ತ ಮನಸ್ಸಿಗೆ ಬ್ಯಾಂಕಲ್ಲದ ಯಾವ ಜಾಗವೂ ಚೆಂದವಾಗಿಯೇ ಕಾಣುತ್ತದೆ.

ಮೊದಲು ವೈದ್ಯರನ್ನು ಕಾಣಿ. ನಿಭಾಯಿಸಲಾಗದೆ ಉಳಿದ ಕೆಲಸದ ಒತ್ತಡದಿಂದ ಬರುವ ಬಸವಳಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ‘ಬರ್ನ್‌ಔಟ್’ ಎಂಬ ಹೆಸರಿನಲ್ಲಿ ವಿವರಿಸಿತಾದರೂ ಅದನ್ನು ಕಾಯಿಲೆಗಳ ಸಾಲಿಗೆ ಸೇರಿಸಲಿಲ್ಲ. ನಿದ್ದೆಗೇಡು ಮತ್ತು ರಕ್ತದೊತ್ತಡದ ಮಾತು ಬೇರೆ. ಅವಕ್ಕೆ ಚಿಕಿತ್ಸೆಯಾಗಬೇಕು, ರಾಜೀನಾಮೆಯೊಂದರಿಂದಲೇ ಅವು ವಾಸಿಯಾಗುತ್ತವೆಂದು ನಂಬಿ ಕೂರಬಾರದು. ಬಿಟಿಎಂ ಬಡಾವಣೆಯಲ್ಲಿ ನಿಮ್ಹಾನ್ಸ್‌ನ ಸ್ವಾಸ್ಥ್ಯ ಕೇಂದ್ರವಿದೆ. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಇದರ ಜೊತೆಗೆ, ಗುರಿಯ ಹೊರೆಯಿಲ್ಲದ ಆಡಳಿತ ವಿಭಾಗಕ್ಕೆ ವರ್ಗ ಕೇಳಿ. ಕೊಡದಿದ್ದರೆ ನಷ್ಟವೇನಿಲ್ಲ.

ಈಗ ಲೆಕ್ಕಕ್ಕೆ ಬರೋಣ. ನೀವು ಬ್ಯಾಂಕಿನವರಾದ್ದರಿಂದ ಇದೆಲ್ಲ ತಿಳಿದಿರಬಹುದು, ಆದರೆ ಊರಿನವರ ಲೆಕ್ಕ ನೋಡುವವರು ತಮ್ಮ ಲೆಕ್ಕವನ್ನು ಮುಂದೂಡುವುದೇ ಹೆಚ್ಚು. ಸಿಬ್ಬಂದಿಗೆಂದು ಕೊಟ್ಟ ಗೃಹಸಾಲದ ರಿಯಾಯಿತಿ ಬಡ್ಡಿ ಸಾಮಾನ್ಯವಾಗಿ ನೌಕರಿ ಇರುವವರೆಗಷ್ಟೇ. ಬಿಟ್ಟ ಮೇಲೆ ಬಡ್ಡಿ ಮಾರುಕಟ್ಟೆಯ ದರಕ್ಕೆ ಏರುತ್ತದೆಯೇ, ಸಾಲವನ್ನು ಒಮ್ಮೆಗೇ ತೀರಿಸಬೇಕಾಗುತ್ತದೆಯೇ ಎಂಬುದು ಸಾಲದ ಒಪ್ಪಂದ ಪತ್ರದಲ್ಲಿರುತ್ತದೆ, ರಾಜೀನಾಮೆ ಬರೆಯುವ ಮೊದಲು ಅದನ್ನು ತೆಗೆದು ಓದಿ. ಗ್ರಾಚ್ಯುಟಿಯನ್ನು, ಅಂದರೆ ಕೆಲಸ ಬಿಡುವಾಗ ದೀರ್ಘ ಸೇವೆಗಾಗಿ ಸಿಗುವ ಇಡಿಗಂಟನ್ನು, ಕೊನೆಯ ತಿಂಗಳ ವೇತನದ (ಮೂಲವೇತನ ಮತ್ತು ತುಟ್ಟಿಭತ್ಯೆ) 26ರಲ್ಲಿ 15 ಭಾಗವನ್ನು ಸೇವೆಯ ವರ್ಷಗಳಿಂದ ಗುಣಿಸಿ ಲೆಕ್ಕ ಹಾಕುತ್ತಾರೆ. ಆ ವೇತನ 60,000 ರೂಪಾಯಿ ಎಂದಿಟ್ಟುಕೊಂಡರೆ 24 ವರ್ಷಕ್ಕೆ ಸುಮಾರು 8,30,000 ರೂಪಾಯಿಯಾಗುತ್ತದೆ. 20 ಲಕ್ಷದವರೆಗೆ ಇದಕ್ಕೆ ತೆರಿಗೆಯಿಲ್ಲ. ಭವಿಷ್ಯ ನಿಧಿಯ ಹಣವನ್ನು ಕೆಲಸ ಬಿಟ್ಟ ಕೂಡಲೇ ತೆಗೆಯಬೇಕೆಂದಿಲ್ಲ; ಖಾತೆಯಲ್ಲಿಯೇ ಬಿಟ್ಟರೆ ಬಡ್ಡಿ ಸೇರುತ್ತಿರುತ್ತದೆ, ಆ ಬಡ್ಡಿಗೆ ಮಾತ್ರ ಆದಾಯ ತೆರಿಗೆ ಉಂಟು. ಈ ಎರಡು ಹಣವನ್ನೂ ಅಂಗಡಿಗೆ ಹಾಕಬೇಡಿ ಎಂದು ಖಂಡಿತವಾಗಿ ಹೇಳುತ್ತೇನೆ. ಮೂವತ್ತರಲ್ಲಿ ಕಳೆದುಕೊಂಡ ಹಣವನ್ನು ಮತ್ತೆ ದುಡಿಯಲು ಕಾಲವಿರುತ್ತದೆ, ಐವತ್ತೆರಡರಲ್ಲಿ ಇರುವುದಿಲ್ಲ.

ಹೆಚ್ಚಿನವರು ಮರೆಯುವುದು ಆರೋಗ್ಯ ವಿಮೆಯನ್ನು. ನೌಕರಿಯ ಗುಂಪು ವಿಮೆ ನೌಕರಿಯೊಂದಿಗೇ ಮುಗಿಯುತ್ತದೆ. ಹೊಸ ಪಾಲಿಸಿಯಲ್ಲಿ ಮೊದಲೇ ಇರುವ ಕಾಯಿಲೆಗಳಿಗೆ 36 ತಿಂಗಳವರೆಗೂ ಕಾಯುವ ಅವಧಿ ಇರಬಹುದಾದ್ದರಿಂದ, ರಕ್ತದೊತ್ತಡವನ್ನು ಮುಚ್ಚಿಡದೆ ತಿಳಿಸಿ, ನೌಕರಿಯಲ್ಲಿರುವಾಗಲೇ ಸ್ವಂತ ಪಾಲಿಸಿ ಮಾಡಿಸಿ; ಕಾಯುವ ಅವಧಿ ಅಂದಿನಿಂದಲೇ ಸವೆಯತೊಡಗುತ್ತದೆ. ಗುಂಪು ವಿಮೆಯಿಂದ ಅದೇ ಕಂಪನಿಯ ವೈಯಕ್ತಿಕ ಪಾಲಿಸಿಗೆ ಹೋಗಲು ಸಾಧ್ಯವೇ ಎಂದೂ ವಿಚಾರಿಸಿ.

ಇನ್ನು ಅಂಗಡಿಯ ವಿಷಯ. ನೌಕರಿ ಬಿಟ್ಟು ತಿಂಡಿ ಅಂಗಡಿ ತೆರೆದು ಗೆದ್ದವರ ಕಥೆಗಳನ್ನು ನಮ್ಮಂಥ ಪತ್ರಿಕೆಗಳೇ ಸಂಭ್ರಮದಿಂದ ಅಚ್ಚು ಹಾಕುತ್ತವೆ. ವರ್ಷದೊಳಗೆ ಬಾಗಿಲು ಹಾಕಿದವರನ್ನು ಯಾರೂ ಸಂದರ್ಶಿಸುವುದಿಲ್ಲ. ಮಲ್ಲೇಶ್ವರದಲ್ಲಿ ತಲೆಮಾರುಗಳಿಂದ ಹೆಸರು ಮಾಡಿದ ತಿಂಡಿ ಅಂಗಡಿಗಳಿರುವಾಗ ನಿಮ್ಮದಕ್ಕೆ ಗಿರಾಕಿ ಏಕೆ ಬರಬೇಕು ಎಂಬ ಪ್ರಶ್ನೆಗೆ ಕೈರುಚಿಯೊಂದೇ ಉತ್ತರವಾಗದು. ಮನೆಗೆ ಬಂದವರು ಪುಕ್ಕಟೆ ತಿಂದು ಹೊಗಳುವುದಕ್ಕೂ ಗಿರಾಕಿ ದುಡ್ಡು ಕೊಟ್ಟು ಎರಡನೆಯ ಸಲ ಬರುವುದಕ್ಕೂ ಬಹಳ ಅಂತರವಿದೆ. ಗೋಕುಲಾಷ್ಟಮಿಗೆ ಚಕ್ಕುಲಿ, ಕೋಡುಬಳೆಯ ಬೇಡಿಕೆಯನ್ನು ಪೂರೈಸಲಾಗದಷ್ಟು ಕೆಲಸ, ಸಂಕ್ರಾಂತಿಗೆ ಎಳ್ಳು-ಬೆಲ್ಲದ ಸುಗ್ಗಿ. ನಡುವಿನ ಬಿಡುವಿನ ತಿಂಗಳುಗಳಲ್ಲಿಯೂ ಬಾಡಿಗೆ ಕಟ್ಟಬೇಕು, ಕೆಲಸದವರಿಗೆ ಸಂಬಳ ಕೊಡಬೇಕು. ಬೆಂಗಳೂರಿನ ವಾಡಿಕೆಯಂತೆ ಮಾಲೀಕರು ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳಿದರೆ, ಒಲೆ ಹೊತ್ತಿಸುವ ಮೊದಲೇ ದೊಡ್ಡ ಮೊತ್ತ ಸಿಕ್ಕಿಹಾಕಿಕೊಳ್ಳುತ್ತದೆ. ದಿನಕ್ಕೆ ಎಂಟು ಗಂಟೆ ಬಾಣಲೆಯ ಮುಂದೆ ನಿಲ್ಲುವುದು ದೇಹಕ್ಕೆ ಸಲೀಸಲ್ಲ ಎಂಬುದನ್ನೂ ಮರೆಯಬೇಡಿ.

ಆದ್ದರಿಂದ ಅಂಗಡಿಗಿಂತ ಮೊದಲು ವ್ಯಾಪಾರವನ್ನು ಕಲಿಯಿರಿ. ಬ್ಯಾಂಕಿನ ಸೇವಾ ನಿಯಮಗಳು ಹೊರಗಿನ ವ್ಯಾಪಾರಕ್ಕೆ ಅವಕಾಶ ಕೊಡದಿರುವ ಸಂಭವವೇ ಹೆಚ್ಚಾದ್ದರಿಂದ, ನೌಕರಿಯಲ್ಲಿದ್ದಾಗ ಮಾರಾಟ ಬೇಡ. ಉಳಿದಿರುವ ರಜೆಯಲ್ಲಿ ಪರಿಚಿತರ ತಿಂಡಿ ಅಂಗಡಿಯಲ್ಲಿ ಒಂದೆರಡು ವಾರ ಬೆಳಗಿನಿಂದ ರಾತ್ರಿಯವರೆಗೆ ಸುಮ್ಮನೆ ಕುಳಿತು ನೋಡಿ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿ.ಎಫ್.ಟಿ.ಆರ್.ಐ.) ಆಹಾರ ಸಂಸ್ಕರಣೆಯ ಅಲ್ಪಾವಧಿ ತರಬೇತಿಗಳನ್ನು ನಡೆಸುತ್ತದೆ. ಕರಿದ ತಿಂಡಿ ಎಷ್ಟು ದಿನಕ್ಕೆ ಕಮಟು ಹಿಡಿಯುತ್ತದೆ, ಯಾವ ಪೊಟ್ಟಣದಲ್ಲಿ ಹೆಚ್ಚು ಬಾಳುತ್ತದೆ ಎಂಬುದರ ಮೇಲೆಯೇ ನಿಮ್ಮ ಲಾಭ ನಿಂತಿದೆ. ರಾಜೀನಾಮೆಯ ನಂತರವೂ ಮೊದಲ ವರ್ಷ ಬಾಡಿಗೆಯ ಗೋಜಿಗೆ ಹೋಗದೆ, ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಮಾಡಿಸಿಕೊಂಡು, ಮನೆಯಲ್ಲಿಯೇ ತಯಾರಿಸಿ ಈಗಿರುವ ಅಂಗಡಿಗಳಿಗೆ ಸರಬರಾಜು ಮಾಡಿ. ಒಂದು ಗೋಕುಲಾಷ್ಟಮಿಯಿಂದ ಇನ್ನೊಂದರವರೆಗಿನ ಲೆಕ್ಕಪುಸ್ತಕ ಕೈಯಲ್ಲಿದ್ದರೆ ಅಂಗಡಿ ಬೇಕೇ ಬೇಡವೇ ಎಂದು ನಿಮಗೇ ತಿಳಿಯುತ್ತದೆ.

ಗೆಳತಿಯ ವಿಷಯದಲ್ಲಿ ದಾಕ್ಷಿಣ್ಯ ಬೇಡ. 1932ರ ಪಾಲುದಾರಿಕೆ ಕಾಯ್ದೆಯಂತೆ ಸಂಸ್ಥೆಯ ಸಾಲಕ್ಕೆ ಪ್ರತಿಯೊಬ್ಬ ಪಾಲುದಾರರೂ ತಮ್ಮ ಸ್ವಂತ ಆಸ್ತಿಯ ಮಟ್ಟಿಗೂ ಹೊಣೆ, ಅಂದರೆ ಅವರು ಮಾಡಿದ ಸಾಲಕ್ಕೆ ನಿಮ್ಮ ಮನೆಗೂ ಸಂಚಕಾರ ಬರಬಹುದು. ಬಂಡವಾಳ, ದುಡಿಮೆ, ಲಾಭ, ಬೇರೆಯಾಗುವ ಬಗೆ ಎಲ್ಲವನ್ನೂ ಪಾಲುದಾರಿಕೆ ಪತ್ರದಲ್ಲಿ ಬರೆಸಿ ನೋಂದಾಯಿಸಿ, ಇಲ್ಲವೇ ಹೊಣೆಗೆ ಮಿತಿಯಿರುವ ಎಲ್‌ಎಲ್‌ಪಿ ರೂಪದಲ್ಲಿ ಆರಂಭಿಸಿ.

ಹೊರಡುವ ದಿನವನ್ನು ಸಾಲ ಮತ್ತು ವಿಮೆಯ ವ್ಯವಸ್ಥೆಯಾದ ಮೇಲೆ ಗೊತ್ತುಮಾಡಿ, ಮನೆಯವರಿಗೂ ತಿಳಿಸಿ. ವೈದ್ಯರು ಕೂಡಲೇ ಬಿಡಬೇಕೆಂದರೆ ಮಾತ್ರ ಈ ಕ್ರಮವನ್ನು ಬದಿಗಿಡಿ.

ಪ್ರಶ್ನೆ: ನನಗೆ 54 ವರ್ಷ. ಪೀಣ್ಯದ ಕಾರ್ಖಾನೆಯೊಂದರ ಕೆಲಸದ ಒತ್ತಡ ತಾಳದೆ ಬಿಟ್ಟಿದ್ದೇನೆ, ಸ್ವಂತವಾಗಿ ರಿಪೇರಿ ಕೆಲಸ ಆರಂಭಿಸಿದ್ದೇನೆ. ನೌಕರರ ಪಿಂಚಣಿ ಯೋಜನೆಯ (ಇಪಿಎಸ್) ಪಿಂಚಣಿಯನ್ನು ಈಗಲೇ ಪಡೆಯಬಹುದೇ?
– ಓದುಗರು, ದಾಸರಹಳ್ಳಿ

ಉತ್ತರ: ಕನಿಷ್ಠ 10 ವರ್ಷ ಸೇವೆಯಾಗಿದ್ದರೆ 50 ತುಂಬಿದ ನಂತರ ಪಡೆಯಬಹುದು. ಆದರೆ 58ಕ್ಕೆ ಎಷ್ಟು ವರ್ಷ ಕಡಿಮೆಯಿದೆಯೋ ಅಷ್ಟು ವರ್ಷಕ್ಕೆ ಶೇ 4ರಂತೆ ಕಡಿತವಾಗುತ್ತದೆ. ಪ್ರತಿ ವರ್ಷದ ಕಡಿತವನ್ನು ಉಳಿದ ಮೊತ್ತದ ಮೇಲೆ ಲೆಕ್ಕ ಹಾಕುವುದರಿಂದ, ನಾಲ್ಕು ವರ್ಷ ಕಡಿಮೆಯಿರುವ ನಿಮಗೆ ಶೇ 15ಕ್ಕೂ ತುಸು ಹೆಚ್ಚು ಹೋಗುತ್ತದೆ, 58 ತುಂಬಿದ ಮೇಲೂ ಅದು ಮರಳಿ ಸೇರುವುದಿಲ್ಲ. ರಿಪೇರಿ ಕೆಲಸದಿಂದ ಮನೆ ಖರ್ಚು ಸಾಗುವಂತಿದ್ದರೆ ಕಾಯುವುದು ಲೇಸು. ಹಾಗೆ ಕಾಯುವುದಾದರೆ ನಮೂನೆ 10ಸಿಯಲ್ಲಿ ಅರ್ಜಿ ಹಾಕಿ ಸ್ಕೀಮ್ ಸರ್ಟಿಫಿಕೇಟ್ ಪಡೆದಿಟ್ಟುಕೊಳ್ಳಿ. ಮುಂದೆ ಬೇರೆ ಕಡೆ ಕೆಲಸಕ್ಕೆ ಸೇರಿದರೆ ಹಳೆಯ ಸೇವೆಯೂ ಲೆಕ್ಕಕ್ಕೆ ಬರುತ್ತದೆ. ಪಿಂಚಣಿಗೆ ಅರ್ಜಿ ಹಾಕುವ ನಮೂನೆ 10ಡಿ.